ಆನು ಹೇಳಿರೆ ಆರು?

ನಮ್ಮ ಅಜ್ಜಿಗೆ ಒಂದು ಅಭ್ಯಾಸ ಇತ್ತು. ಕತ್ತಲಾದ ಮೇಲೆ ಯಾರಾದರೂ ಬಾಗಿಲು ತಟ್ಟಿದರೆ ಒಳಗಿನಿಂದಲೇ "ಆರದು?" ಎಂದು ಕೇಳುತ್ತಿದ್ದರು. ನಾವು ಮೊಮ್ಮಕ್ಕಳು "ಆನು" ಎನ್ನುತ್ತಿದ್ದೆವು. ಹವ್ಯಕರ ಮಾತಿನಲ್ಲಿ ಆನು ಅಂದರೆ ನಾನು, ಆರು ಅಂದರೆ ಯಾರು. ಅಷ್ಟಕ್ಕೆ ಚಿಲಕ ಸರಿಯುತ್ತಿರಲಿಲ್ಲ. "ಆನು ಹೇಳಿರೆ ಆರು?" ಎಂದು ಮತ್ತೊಂದು ಪ್ರಶ್ನೆ ಬರುತ್ತಿತ್ತು. ಹೆಸರು ಹೇಳಬೇಕು, ಎಲ್ಲಿಗೆ ಹೋಗಿದ್ದೆ, ಇಷ್ಟು ಹೊತ್ತು ಯಾಕಾಯ್ತು, ಎಲ್ಲ ಒಪ್ಪಿಸಬೇಕು, ಜಡಿಮಳೆ ಹೊಯ್ಯುತ್ತಿದ್ದರೂ ಅಷ್ಟೇ. ಒಮ್ಮೆ ಲೈಬ್ರರಿಗೆ ಹೋಗಿದ್ದೆ ಎಂದು ಸುಳ್ಳು ಹೇಳಿದೆ. ಒಳಗೆ ಮಾತೇ ಇಲ್ಲ. ಸ್ವಲ್ಪ ಹೊತ್ತು ಒದ್ದೆಯಾಗಿ ನಿಂತು, ಆಟ ನೋಡಲು ಹೋಗಿದ್ದೆ, ಬಸ್ಸಿಗೆ ಇಟ್ಟ ದುಡ್ಡಲ್ಲಿ ಐಸ್‌ಕ್ಯಾಂಡಿ ತಿಂದೆ, ಅದಕ್ಕೇ ನಡೆದು ಬಂದೆ ಎಂದೆ. ಟಕ್ ಎಂದು ಚಿಲಕ ಸರಿಯಿತು.

ಎರಡು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಾ ಇದ್ದೇನೆ. ಅದರ ಮ್ಯಾಜಿಕ್ ಹುಟ್ಟಿದ್ದು ಆ ಚಿಲಕದಿಂದ. ಆದರೆ ಅದು ನನಗೆ ತಡವಾಗಿ ಗೊತ್ತಾಯ್ತು. ಮೊದಲನೇ ಡ್ರಾಫ್ಟಿನಲ್ಲಿ ಒಬ್ಬ ಹುಡುಗ ಗುಹೆಯಲ್ಲಿ ಕೂತು ಧ್ಯಾನ ಮಾಡುತ್ತಾನೆ, ತನ್ನ ಆತ್ಮವನ್ನು ಕಂಡುಕೊಳ್ಳುತ್ತಾನೆ, ಆಮೇಲೆ ಅವನ ಅಂಗೈಯಿಂದ ನೀಲಿ ಬೆಳಕು ಹೊರಡುತ್ತದೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಕಳಿಸಿದೆ. ಅವನು ಓದಿ ಫೋನ್ ಮಾಡಿ, "ಅಕ್ಕ, ಇದು ಪವರ್ ಬ್ಯಾಂಕ್ ಅಲ್ವಾ? ಗುಹೆಯಲ್ಲಿ ಚಾರ್ಜಿಗೆ ಇಟ್ಟಿದ್ದಾನೆ" ಎಂದ. ಸಿಟ್ಟು ಬಂತು. ಆದರೆ ಹೇಳಿದ್ದು ಸರಿ ಇತ್ತು. ತನ್ನನ್ನು ತಾನು ತಿಳಿಯುವುದು ಅಂದರೆ ನಮ್ಮ ಕಡೆ ಯಾರೂ ಅದನ್ನು ಏನನ್ನೋ ತುಂಬಿಸಿಕೊಳ್ಳುವ ಕೆಲಸ ಅಂದುಕೊಂಡಿಲ್ಲ. ಕಳಚುವ ಕೆಲಸ ಅದು. ಕನಕದಾಸರು "ನಾನು ಹೋದರೆ ಹೋದೇನು" ಎಂದ ಕತೆ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು.

ಆಮೇಲೆ ತೈತ್ತಿರೀಯ ಉಪನಿಷತ್ತಿನ ಐದು ಕೋಶಗಳನ್ನು ಹಿಡಿದೆ. ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ. ಅನ್ನಮಯ ಅಂದರೆ ಲೆವೆಲ್ ಒಂದು, ಆನಂದಮಯ ಅಂದರೆ ಲೆವೆಲ್ ಐದು. ಓದಿದರೆ ಸುಮ್ನೆ ವಿಡಿಯೋ ಗೇಮ್. ಅದನ್ನೂ ಬಿಟ್ಟೆ.

ಈಗ ಇರುವ ನಿಯಮ ಇದು. ಮಾಟ ನಡೆಯಬೇಕಾದರೆ "ನಾನು" ಎಂದು ಶುರುವಾಗುವ ಒಂದು ನಿಜವಾದ ಮಾತನ್ನು ಬಾಯಿಬಿಟ್ಟು ಹೇಳಬೇಕು. ಅದು ಹೇಳುವವಳು ತನ್ನಿಂದಲೇ ಮುಚ್ಚಿಟ್ಟುಕೊಂಡಿದ್ದ ಮಾತಾಗಿರಬೇಕು. "ನಾನು ಕುಳ್ಳಗಿದ್ದೇನೆ" ಎಂದರೆ ಒಂದು ತರಗೆಲೆಯೂ ಅಲ್ಲಾಡುವುದಿಲ್ಲ, ಅದು ಊರಿಗೆಲ್ಲ ಗೊತ್ತು, ನಿಮಗೂ ಗೊತ್ತು. "ತಂಗಿ ಸತ್ತಾಗ ನಾನು ಅತ್ತದ್ದಕ್ಕಿಂತ ನೆಮ್ಮದಿಪಟ್ಟದ್ದೇ ಜಾಸ್ತಿ" ಎಂದರೆ ಬಂಡೆ ಸರಿಯುತ್ತದೆ. ಯಾಕೆಂದರೆ ಆ ಮಾತನ್ನು ಅಷ್ಟು ವರ್ಷ ಅದುಮಿಟ್ಟುಕೊಳ್ಳಲು ಎಷ್ಟು ಬಲ ಬೇಕಾಗಿತ್ತೋ ಅಷ್ಟೂ ಬಲ ಒಮ್ಮೆಗೇ ಬಿಡುಗಡೆಯಾಗುತ್ತದೆ, ಮೋರಿಗೆ ಕಟ್ಟಿದ ಮಣ್ಣನ್ನು ತೆಗೆದಾಗ ತೋಟದ ನೀರು ನುಗ್ಗುತ್ತದಲ್ಲ, ಹಾಗೆ. ಒಂದು ಮಾತು ಒಂದೇ ಸಲ. ಎರಡನೇ ಸಲಕ್ಕೆ ಅದು ಬರೀ ಮಾಹಿತಿ.

ಸುಳ್ಳು ಹೇಳಿದರೆ? ಇಲ್ಲಿ ನಮ್ಮ ಕಾಸರಗೋಡು ನನಗೆ ಕೈಕೊಟ್ಟಿತು, ಒಳ್ಳೆಯ ಅರ್ಥದಲ್ಲಿ. ಬದಿಯಡ್ಕದ ಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ಎಷ್ಟು "ನಾನು" ಕೇಳಿಸುತ್ತದೆ ಲೆಕ್ಕ ಹಾಕಿ. ಕನ್ನಡದ ನಾನು. ಮಲಯಾಳದ ಞಾನ್. ತುಳುವಿನ ಯಾನ್, ಕೆಲವು ಮನೆಗಳಲ್ಲಿ ಏನ್. ಕೊಂಕಣಿಯ ಹಾಂವ್. ನಮ್ಮ ಆನು. ಕಾದಂಬರಿಯಲ್ಲಿ ಯಾವ ಭಾಷೆಯಲ್ಲಿ ಸುಳ್ಳು ಹೇಳುತ್ತೀರೋ ಆ ಭಾಷೆ ಒಂದು ತಿಂಗಳು ನಾಲಿಗೆಯಿಂದ ಮಾಯ. ನನ್ನ ನಾಯಕಿ ದೂಮಕ್ಕ ಚಂದ್ರಗಿರಿ ಹೊಳೆಯಲ್ಲಿ ದೋಣಿ ದಾಟಿಸುವವಳು. ಆ ಹೊಳೆ ದಾಟಿದರೆ ತುಳುನಾಡು ಮುಗಿಯಿತು ಎಂದು ಹಿಂದಿನವರು ಹೇಳುತ್ತಿದ್ದರು. ಅವಳು ತೆಂಕಣ ದಡದಲ್ಲಿ ಮಲಯಾಳದಲ್ಲಿ ಒಂದು ಸಣ್ಣ ಸುಳ್ಳು ಹೇಳಿ, ಮರುದಿನ ಮೀನು ಕೊಳ್ಳಲು ಹೋಗಿ ಬಾಯಿ ತೆರೆದು ನಿಲ್ಲುತ್ತಾಳೆ. ಬೆರಳು ತೋರಿಸಿ ಬೂತಾಯಿ ಕೊಳ್ಳುತ್ತಾಳೆ, ಜಾಸ್ತಿ ದುಡ್ಡು ಕೊಟ್ಟು. ನನಗೆ ಇಷ್ಟವಾದ ಅಧ್ಯಾಯ ಅದು.

ಇನ್ನೊಂದು ತೊಡಕು ಅವಳಿಗಿದೆ. ಮನೆಯಲ್ಲಿ ಯಾನ್ ಎನ್ನುವವಳು ಒಡೆಯರ ಅಂಗಳದಲ್ಲಿ ನಾನು ಎನ್ನುತ್ತಾಳೆ, ಗಂಡನ ಕಡೆಯವರ ಎದುರು ಞಾನ್. ಮೂವರೂ ಒಬ್ಬಳೇನಾ? ಯಾನ್ ಮುಚ್ಚಿಟ್ಟದ್ದನ್ನು ಞಾನ್ ಹೇಳಿದರೆ ಬಂಡೆ ಸರಿಯುತ್ತದಾ? ಇದು ನಾನು ಕೂತು ಹೊಸೆದ ಒಗಟಲ್ಲ. ನಮ್ಮ ಅಜ್ಜಿ ಮದುವೆಯಾಗಿ ಬಂದಾಗ ಮನೆ ಇದ್ದದ್ದು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ. 1956ರ ನವೆಂಬರ್ 1ಕ್ಕೆ ಕೇರಳ. ಆಮೇಲೆ ಕಣ್ಣೂರು ಜಿಲ್ಲೆ. 1984ರಲ್ಲಿ ಕಾಸರಗೋಡೇ ಜಿಲ್ಲೆ. ಅಜ್ಜಿ ಕೂತ ಮಣೆ ಕದಲಲಿಲ್ಲ. "ನಾನು ಇಂಥಾ ಊರಿನವಳು" ಎನ್ನುವ ಮಾತು ಅವರಿಗೆ ಗೊತ್ತಿಲ್ಲದೆಯೇ ಮೂರು ಸಲ ಬದಲಾಯಿತು, ಅಷ್ಟೇ.

ಹೋದ ವರ್ಷ ಒಬ್ಬಳು ಗೆಳತಿ ನೀಲೇಶ್ವರದ ಕಡೆ ತೆಯ್ಯಂ ನೋಡಲು ಕರೆದಳು. ನಮ್ಮ ಭೂತಕೋಲದ ಹಾಗೆ, ವೇಷ ಕಟ್ಟಿದವರ ಮೈಮೇಲೆ ದೈವ ಬರುವ ಆರಾಧನೆ ಅದು. ಹೋದದ್ದು ಪೊಟ್ಟನ್ ತೆಯ್ಯಕ್ಕೆ. ಶಂಕರಾಚಾರ್ಯರಿಗೆ ದಾರಿಯಲ್ಲಿ ಚಂಡಾಲ ಎದುರಾದ ಕತೆ ಇದೆಯಲ್ಲ, ಇಲ್ಲಿ ಆ ಚಂಡಾಲನೇ ದೈವ, ಶಿವನೇ ಆ ವೇಷದಲ್ಲಿ ಬಂದದ್ದು ಎಂದು ನಂಬಿಕೆ. ದಾರಿ ಬಿಡು ಎಂದವರಿಗೆ ಅವನು ಕೇಳುವುದು, ಯಾವುದು ಸರಿಯಬೇಕು, ಅನ್ನದಿಂದಾದ ಈ ದೇಹವಾ, ಒಳಗಿನ ಚೈತನ್ಯವಾ ಅಂತ. ನಾನು ಲೆವೆಲ್ ಒಂದು ಎಂದು ಬರೆದು ಹರಿದುಹಾಕಿದ ಅನ್ನಮಯ ಅಲ್ಲಿ ಬೀದಿಯಲ್ಲಿ ನಿಂತು ಜಗಳ ಆಡುತ್ತಿತ್ತು. ಮುಖಕ್ಕೆ ಅಡಕೆ ಹಾಳೆಯ ಮುಖವಾಡ, ನಮ್ಮ ತೋಟದಲ್ಲಿ ಬಿದ್ದು ಕೊಳೆಯುತ್ತದಲ್ಲ, ಅದೇ ಹಾಳೆ. ಸೊಂಟಕ್ಕೆ ತೆಂಗಿನ ಎಳೆ ಗರಿ. ಕೆಂಡದ ರಾಶಿಯ ಮೇಲೆ ಬಿದ್ದುಕೊಂಡು ಚಳಿಯಾಗ್ತದೆ ಎಂದು ದೂರುತ್ತದೆ. ನಾವು ಅಷ್ಟು ದೂರ ನಿಂತವರು ಬೆವರುತ್ತಿದ್ದೆವು.

ಆದರೆ ನನ್ನ ಕಾದಂಬರಿಗೆ ಸಿಕ್ಕಿದ್ದು ಅದಲ್ಲ. ಒಂದು ಬದಿಯಲ್ಲಿ ಇನ್ನೊಂದು ತೆಯ್ಯಕ್ಕೆ ಮುಖ ಬರೆಯುತ್ತಿದ್ದರು. ಯಕ್ಷಗಾನದ ಚೌಕಿ ನೋಡಿ ಬೆಳೆದವಳು ನಾನು. ಅಲ್ಲಿ ವೇಷಧಾರಿ ಕನ್ನಡಿ ಎದುರಿಟ್ಟುಕೊಂಡು ತಾನೇ ಅರದಾಳ ಬಳಿದು, ಇಂಗಳೀಕ ಹಚ್ಚಿ, ಕಡ್ಡಿಯಲ್ಲಿ ಗೆರೆ ಎಳೆದುಕೊಳ್ಳುತ್ತಾನೆ. ಮಧ್ಯೆ ಬೀಡಿ ಸೇದುತ್ತಾನೆ, ಮನೆಯ ಸುದ್ದಿ ಮಾತಾಡುತ್ತಾನೆ. ಅವನು ಮೆಲ್ಲಗೆ ರಾವಣ ಆಗುವುದನ್ನು ಅವನೇ ನೋಡುತ್ತಿರುತ್ತಾನೆ. ಇಲ್ಲಿ ಹಾಗಲ್ಲ. ಅವರು ನೆಲದ ಮೇಲೆ ಅಂಗಾತ ಮಲಗಿದ್ದರು. ತಲೆಯ ಬದಿಯಲ್ಲಿ ಕೂತ ಇನ್ನೊಬ್ಬರು ಬಗ್ಗಿ, ಉಸಿರು ಬಿಗಿಹಿಡಿದು, ರೆಪ್ಪೆಯ ಅಂಚಿನಲ್ಲಿ ಕಪ್ಪು ಎಳೆಯುತ್ತಿದ್ದರು. ಮಲಗಿದವರಿಗೆ ತನ್ನ ಮುಖದಲ್ಲಿ ಏನಾಗುತ್ತಿದೆ ಕಾಣುವುದಿಲ್ಲ. ಎಲ್ಲ ಮುಗಿದು, ತಲೆಗೆ ಮುಡಿ ಎನ್ನುವ ಕಿರೀಟ ಕಟ್ಟಿ, ಗುಡಿಯ ಎದುರು ಪೀಠದಲ್ಲಿ ಕೂತ ಮೇಲೆ ಕೈಗೆ ಒಂದು ಸಣ್ಣ ಕನ್ನಡಿ ಕೊಡುತ್ತಾರೆ. ಅವರು ಅದರಲ್ಲಿ ನೋಡುತ್ತಾರೆ. ಅಷ್ಟೇ, ಬೇರೆ ಏನೂ ಇಲ್ಲ. ಆಮೇಲೆ ಎದ್ದದ್ದು ಮಲಗಿದ್ದವರಲ್ಲ.

ಮನೆಗೆ ಬಂದು ನಿಯಮ ತಿದ್ದಿದೆ. ದೂಮಕ್ಕ ತನ್ನ ನಿಜವನ್ನು ತಾನೇ ಒಳಗೆ ಅಗೆದು ತೆಗೆಯುತ್ತಿದ್ದಳು, ನನಗೆ ಅದು ಮೊದಲಿಂದಲೂ ಸ್ವಲ್ಪ ಸುಳ್ಳು ಅನ್ನಿಸುತ್ತಿತ್ತು. ನಮ್ಮ ಮುಖ ಬರೆದವರು ನಾವಲ್ಲ. ಅಮ್ಮ ಬರೆದಿರುತ್ತಾಳೆ, ಊರು ಬರೆದಿರುತ್ತದೆ, ಅದೂ ನಾವು ಅಂಗಾತ ಮಲಗಿದ್ದಾಗ. ಈಗ ಅವಳಿಗೆ ಒಬ್ಬರು ಕನ್ನಡಿ ಹಿಡಿಯಬೇಕು. ಹಿಡಿಯುವವರು ಅವಳನ್ನು ಕಂಡರಾಗದವರಾದರೆ ಇನ್ನೂ ಒಳ್ಳೆಯದು, ಅವರಿಗೆ ನಮ್ಮ ಬಗ್ಗೆ ಹೆಚ್ಚು ಗೊತ್ತಿರುತ್ತದೆ. ಅವಳ ನಾದಿನಿಯನ್ನು ಅದಕ್ಕೇ ಕತೆಗೆ ತಂದೆ.

ಉಳಿದದ್ದು ಕೊನೆಯ ತೊಡಕು. ಒಂದೊಂದೇ ಮಾತು ಹೇಳಿ ಖಾಲಿ ಮಾಡುತ್ತಾ ಹೋದರೆ ಕೊನೆಗೆ "ನಾನು" ಮಾತ್ರ ಉಳಿಯುತ್ತದೆ, ಮುಂದೆ ಸೇರಿಸಲು ಏನೂ ಇರುವುದಿಲ್ಲ. ಆಗ ಅವಳ ಬಲ ಎಷ್ಟು, ಸೊನ್ನೆಯಾ, ಲೆಕ್ಕವೇ ಇಲ್ಲದ್ದಾ? ಗೋರಕ್ಷನೂ ಅಲ್ಲಮಪ್ರಭುವೂ ಎದುರಾದ ಕತೆ ನೆನಪಿಸಿಕೊಳ್ಳಿ. ಗೋರಕ್ಷನದು ವಜ್ರದ ದೇಹ, ಕತ್ತಿ ಬೀಸಿದರೆ ಖಣ್ ಎಂದಿತು. ಅಲ್ಲಮನಿಗೆ ಬೀಸಿದರೆ ಕತ್ತಿ ಗಾಳಿಯಲ್ಲಿ ಆಡಿದ ಹಾಗೆ ಆಚೆ ಹೋಯಿತು, ಸದ್ದೂ ಇಲ್ಲ. ಗೋರಕ್ಷನ ಹತ್ತಿರ "ನನ್ನ ದೇಹ ಮುರಿಯುವುದಿಲ್ಲ" ಎನ್ನುವ ಒಂದು ಮಾತು ಇನ್ನೂ ಬಾಕಿ ಇತ್ತು. ಅಲ್ಲಮನ ಹತ್ತಿರ ಮಾತೇ ಇರಲಿಲ್ಲ. ಪತಂಜಲಿಯೂ ಸಿದ್ಧಿಗಳನ್ನು ವಿವರಿಸುತ್ತಾ ನಡುವೆ, ಇವು ಸಮಾಧಿಗೆ ಅಡ್ಡಿ ಎಂದುಬಿಡುತ್ತಾನೆ. ತತ್ವಕ್ಕೆ ಸರಿ. ಕಾದಂಬರಿ ಬರೆಯುವವಳ ಗತಿ ಏನು? ಏನೂ ಬೇಡದವಳನ್ನು ಇಟ್ಟುಕೊಂಡು ಕ್ಲೈಮ್ಯಾಕ್ಸ್ ಮಾಡುವುದು ಹೇಗೆ, ಹೊಳೆಯಲ್ಲಿ ನೆರೆ ಬಂದಿದೆ, ದೋಣಿಯಲ್ಲಿ ಆರು ಜನ ಇದ್ದಾರೆ, ನಾದಿನಿಯೂ ಇದ್ದಾಳೆ.

ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದೆ. ಮೊನ್ನೆ ಸುಮ್ನೆ ಒಂದು ನೆನಪಾಯಿತು. ನನಗೆ ಹನ್ನೊಂದೋ ಹನ್ನೆರಡೋ ಇರಬೇಕು. ಅಜ್ಜಿ ಹಟ್ಟಿಗೆ ಹಾಲು ಕರೆಯಲು ಹೋಗಿದ್ದಾಗ ಒಳಗಿಂದ ಚಿಲಕ ಹಾಕಿದೆ, ಒಂದು ಸಲ ಸೇಡು ತೀರಿಸಬೇಕು ಅಂತ. ಬಾಗಿಲು ತಟ್ಟಿದರು. ನಾನು ಅವರದ್ದೇ ಸ್ವರ ಮಾಡಿ "ಆರದು?" ಎಂದೆ. ಆನು ಎನ್ನುತ್ತಾರೆ, ಆಮೇಲೆ ಹಿಡಿಯೋಣ ಎಂದು ಕಾದೆ.

"ಬಾಗಿಲು ತೆಗೆ, ಕೈಲಿ ಹಾಲಿದ್ದು" ಎಂದರು ಅಜ್ಜಿ.

ತೆಗೆದೆ. ಬೇರೇನು ಮಾಡಲಿ. ದೂಮಕ್ಕ ನೆರೆಯ ಎದುರು ಏನು ಹೇಳಬೇಕು ಎಂದು ಈಗ ಗೊತ್ತು, ಆ ಮಾತಿನಲ್ಲಿ ಯಾನೂ ಇಲ್ಲ, ಞಾನೂ ಇಲ್ಲ. ಹುಟ್ಟು ಹಾಕುತ್ತಾ ಹೊಳೆಗೆ ಹೇಳುತ್ತಾಳೆ, ದೋಣಿಯಲ್ಲಿ ಮಕ್ಕಳಿದ್ದಾರೆ ಅಂತ.