ದೊಡ್ಡ ಆಂಪ್ ಬೇಕು ಅನ್ನುವ ಮೊದಲು ಸ್ಪೀಕರ್ ಹಿಂದೆ ಒಮ್ಮೆ ನೋಡಿ

ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ನನ್ನ ಕಸುಬು. ಅಂಗಡಿಗೆ ಬರುವವರಲ್ಲಿ ತುಂಬಾ ಜನ ಹೇಳುವುದು ಒಂದೇ ಮಾತು, "ಸೌಂಡಲ್ಲಿ ದಮ್ಮಿಲ್ಲ, ಜಾಸ್ತಿ ವ್ಯಾಟ್ ಇರೋದು ಯಾವುದಿದೆ?" ನಾನು ಮೊದಲು ಕೇಳುವುದು ಸ್ಪೀಕರ್ ಎಲ್ಲಿಟ್ಟಿದ್ದೀರಿ ಅಂತ.

ವ್ಯಾಟ್ ಲೆಕ್ಕ ಜನ ಅಂದುಕೊಂಡ ಹಾಗಿಲ್ಲ. 40 ವ್ಯಾಟ್ ತೆಗೆದು 80 ವ್ಯಾಟ್ ಹಾಕಿದರೆ ಏರುವುದು ಬರೀ 3 ಡೆಸಿಬೆಲ್ (ಸೌಂಡ್ ಅಳೆಯುವ ಮಾಪ). ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅಷ್ಟು ದುಡ್ಡು ಸುರಿಯುವ ಮೊದಲು ನೋಡಬೇಕಾದ್ದು ಬೇರೆ ಇದೆ, ಅಲ್ವಾ?

ನಿವೃತ್ತ ಮೇಷ್ಟ್ರೊಬ್ಬರು ಮನೆಗೆ ಕರೆಸಿದ್ದರು. ಕರ್ನಾಟಕ ಸಂಗೀತ ಅವರ ಪ್ರಾಣ. "ಮೃದಂಗದ ಎಡಗೈ ನಾದವೇ ಕೇಳಲ್ಲಪ್ಪಾ, ಹೊಸದು ತಗೊಂಡುಬಿಡ್ಲಾ?" ಅಂದರು. ಮನೆಗೆ ಪೇಂಟ್ ಹೊಡೆಸುವಾಗ ವೈರ್ ಬಿಚ್ಚಿ, ಆಮೇಲೆ ಯಾರೋ ಸಿಕ್ಕಿಸಿದ್ದರು. ಎಡಗಡೆ ಸ್ಪೀಕರ್ ಸರಿಯಿತ್ತು. ಬಲಗಡೆಯದರ ಕೆಂಪು ಟರ್ಮಿನಲ್ಲಿಗೆ ಮೈನಸ್ ವೈರ್ ಹೋಗಿತ್ತು. ಹೀಗಾದರೆ ಒಂದು ಸ್ಪೀಕರಿನ ಕೋನ್ (ಅಲುಗಾಡಿ ದನಿ ಹೊರಡಿಸುವ ಪರದೆ) ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ತಗ್ಗು ದನಿಯ, ಅಂದರೆ ಬೇಸಿನ, 100 ಹರ್ಟ್ಸ್ (ಸೆಕೆಂಡಿಗೆ ನೂರು ಕಂಪನ) ಅಲೆಯ ಉದ್ದ ಸುಮಾರು 3.4 ಮೀಟರ್. ಸ್ಪೀಕರ್‌ಗಳು ಅದಕ್ಕಿಂತ ಹತ್ತಿರ ಇರುವುದರಿಂದ ಬೇಸ್ ಒಂದನ್ನೊಂದು ಹೊಡೆದುಹಾಕುತ್ತದೆ. ಹಾಡುವವರ ದನಿ ಕೂಡ ನಡುವೆ ನಿಲ್ಲದೆ ಚದುರಿಹೋಗುತ್ತದೆ. ವೈರ್ ತಿರುಗಿಸಿ ಹಾಕಿದೆ. ಮೇಷ್ಟ್ರು ಅದೇ ಕೀರ್ತನೆಯನ್ನು ಮೊದಲಿಂದ ಹಚ್ಚಿಸಿದರು, ಪೂರ್ತಿ ಮುಗಿಯುವವರೆಗೆ ನನ್ನನ್ನು ಏಳಲು ಬಿಡಲಿಲ್ಲ.

ವೈರಿನ ಮೇಲೆ ಗುರುತು ಅಳಿಸಿದ್ದರೆ ಆಂಪ್ ಕಡೆಯ ತುದಿ ಬಿಚ್ಚಿಕೊಂಡು, 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಎರಡೂ ಕಡೆ ಒಂದೇ ರೀತಿ ಮುಟ್ಟಿಸಿದಾಗ ಎರಡೂ ವೂಫರ್ (ಬೇಸ್ ಹೊರಡಿಸುವ ದೊಡ್ಡ ಕೋನ್) ಒಂದೇ ದಿಕ್ಕಿಗೆ ಹಾರಬೇಕು. ಹಿಡಿದುಕೊಂಡೇ ಇರಬೇಡಿ.

ಇನ್ನು ಜಾಗ. ಒಂದು ಸ್ಪೀಕರ್ ಷೋಕೇಸಿನೊಳಗೆ, ಇನ್ನೊಂದು ಬೀರು ಮೇಲೆ ಇಟ್ಟಿರುವ ಮನೆ ಎಷ್ಟೋ ನೋಡಿದ್ದೇನೆ. ಮೂಲೆಗೆ ಒತ್ತಿಟ್ಟರೆ ಬೇಸ್ ಗುಂಯ್ ಅನ್ನುತ್ತದೆ, ಮಾತು ಮುಚ್ಚಿಹೋಗುತ್ತದೆ. ಗೋಡೆಯಿಂದ ಒಂದಡಿ ಮುಂದೆ ತನ್ನಿ. ಟ್ವೀಟರ್ (ಎತ್ತರದ ದನಿ ಹೊರಡಿಸುವ ಚಿಕ್ಕ ಸ್ಪೀಕರ್) ಕೂತವರ ಕಿವಿಯ ಎತ್ತರಕ್ಕಿರಲಿ. ಎರಡು ಸ್ಪೀಕರ್‌ಗಳ ನಡುವಿನ ದೂರವೂ ನೀವು ಕೂರುವ ದೂರವೂ ಹೆಚ್ಚುಕಡಿಮೆ ಸಮ ಇದ್ದರೆ ಒಳ್ಳೆಯದು. ಟೈಲ್ಸ್ ನೆಲ, ಬರಿಗೋಡೆ ಇರುವ ಹಾಲಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ. ಝಣ್ ಅಂತ ಎಳೆದರೆ ಜಮಖಾನ ಹಾಸಿ, ದಪ್ಪ ಪರದೆ ಹಾಕಿ. ನನ್ನ ಮಟ್ಟಿಗೆ, ಅಷ್ಟೇ ದುಡ್ಡಿಗೆ ಸಿಗುವ ಯಾವ ದುಬಾರಿ ಕೇಬಲ್ಲೂ ಇಷ್ಟು ಕೆಲಸ ಮಾಡಲ್ಲ.

ಹಳೇ ಸ್ಪೀಕರ್ ಆದರೆ ಜಾಲರಿ ತೆಗೆದು ಕೋನ್ ಸುತ್ತಲಿನ ಫೋಮ್ ಮೆಲ್ಲಗೆ ಮುಟ್ಟಿ. ಪುಡಿ ಉದುರಿದರೆ ಫೋಮ್ ಬದಲಿಸಿಕೊಡುವವರಿದ್ದಾರೆ, ಇಡೀ ಸ್ಪೀಕರ್ ಎಸೆಯಬೇಕಿಲ್ಲ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ (ಒಳಗಿನ ಸಂಪರ್ಕದ ಕೊಳೆ ತೆಗೆಯುವ ಸ್ಪ್ರೇ) ಸಾಕಾಗುತ್ತದೆ, ಬಹುಪಾಲು.

ಒಂದು ಕಡೆ ಮಾತ್ರ ಸೌಂಡ್ ಕಮ್ಮಿ ಅಂದರೆ ಆಂಪ್ ಆಫ್ ಮಾಡಿ, ಅದರ ಹಿಂದೆ ಸ್ಪೀಕರ್ ವೈರ್‌ಗಳನ್ನು ಎಡ-ಬಲ ಅದಲುಬದಲು ಮಾಡಿ. ತೊಂದರೆ ಅದೇ ಸ್ಪೀಕರಲ್ಲಿ ಉಳಿದರೆ ಸ್ಪೀಕರ್ ಇಲ್ಲವೇ ಅದರ ವೈರ್ ಕೆಟ್ಟಿದೆ. ಇನ್ನೊಂದು ಕಡೆಗೆ ಹಾರಿದರೆ, ಈಗ ಪ್ಲೇಯರಿನಿಂದ ಆಂಪ್ ಒಳಗೆ ಬರುವ ಪಿನ್‌ಗಳನ್ನು ಅದಲುಬದಲು ಮಾಡಿ. ಮತ್ತೆ ಜಾಗ ಬದಲಾಯಿಸಿದರೆ ಪಿನ್, ಕೇಬಲ್ ಅಥವಾ ಪ್ಲೇಯರ್ ಕಡೆಯ ದೋಷ. ಜಾಗ ಬದಲಾಗದಿದ್ದರೆ ಆಂಪ್ ತನ್ನಿ, ಬಿಚ್ಚಿ ನೋಡೋಣ. ಹಳೆಯದಾದರೆ ಒಳಗೆ ಕೆಪಾಸಿಟರ್ ಅನ್ನುವ ಬಿಡಿಭಾಗ ಒಣಗಿರಬಹುದು. ಹೊಸದು ಬೇಕೇ ಬೇಕಾಗುವುದು ಹಾಲ್ ದೊಡ್ಡದಿದ್ದು, ಎಲ್ಲ ಸರಿಮಾಡಿದ ಮೇಲೂ ಬೇಕಾದಷ್ಟು ಜೋರು ಮಾಡಿದಾಗ ದನಿ ಒಡೆಯುತ್ತಿದ್ದರೆ. ಆಗ ವ್ಯಾಟ್ ಜೊತೆ ಸ್ಪೀಕರ್ ಎಷ್ಟು ಓಮ್ಸ್ (ಅದು ಕರೆಂಟಿಗೆ ಒಡ್ಡುವ ತಡೆಯ ಅಳತೆ) ಅಂತಲೂ ಬರೆದುಕೊಂಡು ಅಂಗಡಿಗೆ ಹೋಗಿ.