‘ಮಂದಿ ಮೈ ತಿಕ್ಕಿ ಇಷ್ಟು ದೊಡ್ಡದು ಹೆಂಗ ಮಾಡಿದಿ?’

ಈ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳಿಸುವುದೆಂದು ನಿರ್ಧರಿಸಿದ್ದೇನೆ. ಹುಬ್ಬಳ್ಳಿಯ ಕೇಶ್ವಾಪುರದ ಒಂದು ಬಾಡಿಗೆ ಕೋಣೆಯಲ್ಲಿ 2001ರಲ್ಲಿ ಎರಡು ಮಂಚಗಳೊಂದಿಗೆ ಆರಂಭವಾದ ನಮ್ಮ ಮಾಲೀಶು ಕೇಂದ್ರದಿಂದ ಇಂದು 31 ಜನ ಸಂಬಳ ಪಡೆಯುತ್ತಾರೆ. ಹುಬ್ಬಳ್ಳಿ, ಧಾರವಾಡ ಮತ್ತು ಗದಗಿನ 19 ಕಚೇರಿ, ಕಾರ್ಖಾನೆಗಳಿಗೆ ನಮ್ಮವರು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಹೋಗಿ ಅಲ್ಲಿಯ ನೌಕರರ ಕುತ್ತಿಗೆ, ಭುಜ, ಬೆನ್ನುಗಳನ್ನು ಹದ ಮಾಡಿ ಬರುತ್ತಾರೆ. ಇದು ಹೇಗೆ ಬೆಳೆಯಿತೆಂದು ಕೇಳುವುದು ನ್ಯಾಯವೇ. ಆದರೆ ಯಾರೂ ಅದನ್ನು ಹೀಗೆ ಕೇಳುವುದಿಲ್ಲ.

ಕಳೆದ ವರ್ಷ ಗದಗಿನಲ್ಲಿ ನಮ್ಮ ಅಣ್ಣನ ಮಗನ ನಿಶ್ಚಯಕ್ಕೆ ಹೋಗಿದ್ದೆ. ಎಲೆಗೆ ಗೋಧಿ ಹುಗ್ಗಿ ಬೀಳುತ್ತಿರುವಾಗ, ಎದುರಿಗೆ ಕುಳಿತಿದ್ದ ದೂರದ ಸಂಬಂಧದ ಮಾವ ಒಬ್ಬರು ಇಡೀ ಪಂಕ್ತಿಗೆ ಕೇಳುವಂತೆ, “ಅಲ್ಲವ್ವಾ ತಂಗಿ, ಮಂದಿ ಮೈ ತಿಕ್ಕಿ ತಿಕ್ಕಿ ಇಷ್ಟು ದೊಡ್ಡದು ಹೆಂಗ ಮಾಡಿದಿ? ಅದರಾಗ ಅಷ್ಟು ರೊಕ್ಕ ಐತೇನು?” ಎಂದರು. ಇಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕು ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಅವರು ದನಿ ತಗ್ಗಿಸಿ, “ಅದು ಅಂಥಾ ಮಸಾಜ್ ಅಲ್ಲ, ಹೌದಿಲ್ಲೊ?” ಎಂದು ಸೇರಿಸಿದರು. “ಅಂಥಾದ್ದು ಅಂದರ ಎಂಥಾದ್ದು ಮಾವಾ? ನಿಮಗ ಹೆಂಗ ಗೊತ್ತು?” ಎಂದೆ. ಹುಗ್ಗಿ ಬಡಿಸುತ್ತಿದ್ದ ಹುಡುಗ ಸೌಟು ಹಿಡಿದು ಹಾಗೆಯೇ ನಿಂತುಬಿಟ್ಟ. ಅದೇ ಮಾವ ಸಂಜೆಯ ಹೊತ್ತಿಗೆ ಒಬ್ಬರೇ ಬಂದು, ಅಂಗಿ ತೊಡಲು ಬಲಗೈ ಮೇಲೇಳುತ್ತಿಲ್ಲವೆಂದು ತೋರಿಸಿದರು. ಭುಜದ ಕೀಲು ಬಿಗಿದುಕೊಂಡಂತಿತ್ತು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ನಾನು ಮುಟ್ಟದೆ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಲುಬು ಕೀಲಿನ ವೈದ್ಯರ ಹತ್ತಿರ ಹೋಗಿ ಎಂದೆ. ಬಿಟ್ಟಿ ಮಾಲೀಶು ಸಿಗಲಿಲ್ಲವೆಂದು ಅವರಿಗೆ ಬೇಸರವಾದಂತೆ ಕಂಡಿತು.

ವಿಚಿತ್ರವೆಂದರೆ, ಇದೇ ಮಾವನನ್ನು ಹಸುಗೂಸಾಗಿದ್ದಾಗ ಕಾಲ ಮೇಲೆ ಮಲಗಿಸಿಕೊಂಡು ಔಡಲೆಣ್ಣೆ ತಿಕ್ಕಿ ನೀರು ಹಾಕಿದ ಅಜ್ಜಿಗೆ ಅವರ ಮನೆಯಲ್ಲಿ ಸೀರೆ ಉಡಿಸಿ ಉಡಿ ತುಂಬಿರುತ್ತಾರೆ. ಗರಡಿ ಮನೆಯಲ್ಲಿ ಪೈಲ್ವಾನರ ಮೈಗೆ ಮಾಲೀಶು ಮಾಡುವ ಉಸ್ತಾದರಿಗೆ ಈ ಭಾಗದ ಹಳ್ಳಿಗಳಲ್ಲಿ ಇಂದಿಗೂ ಕೈ ಮುಗಿಯುತ್ತಾರೆ. ನಾನು ಕೆಲಸ ಕಲಿತದ್ದು ಬಾಣಂತಿಯರಿಗೆ ಎಣ್ಣೆ ಹಚ್ಚುತ್ತಿದ್ದ ನಮ್ಮ ಓಣಿಯ ಅಂಥ ಒಬ್ಬ ಅಜ್ಜಿಯಿಂದಲೇ. ಬೋರ್ಡಿನ ಮೇಲೆ ‘ಮಸಾಜ್’ ಎಂದು ಬರೆಸಿದ ದಿನದಿಂದ ಮಾತ್ರ ಜನರ ಹುಬ್ಬು ಮೇಲೇರತೊಡಗಿತು.

ಆ ಹುಬ್ಬನ್ನು ಕೆಳಗಿಳಿಸಿದ್ದು ಒಂದು ಕುರ್ಚಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡೇವಿಡ್ ಪಾಮರ್ ಎಂಬವರು 1980ರ ದಶಕದಲ್ಲಿ ಬಳಕೆಗೆ ತಂದ ಮಾಲೀಶು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮುಖವನ್ನು ಮೆತ್ತೆಯ ಮೇಲಿಟ್ಟು ಕುಳಿತುಕೊಳ್ಳಬೇಕು. ಬಟ್ಟೆ ಬಿಚ್ಚುವಂತಿಲ್ಲ, ಎಣ್ಣೆ ಇಲ್ಲ, ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮುಖ್ಯವಾಗಿ, ಬಾಗಿಲು ಮುಚ್ಚಬೇಕಾಗಿಲ್ಲ. 2009ರ ಮಾರ್ಚ್‌ನಲ್ಲಿ, ವರ್ಷಾಂತ್ಯದ ಲೆಕ್ಕದಲ್ಲಿ ಮುಳುಗಿದ್ದ ಗೋಕುಲ ರಸ್ತೆಯ ಒಂದು ಕಚೇರಿಯಲ್ಲಿ, ಎಲ್ಲರ ಕಣ್ಣೆದುರಿಗೆ ಲೆಕ್ಕಪತ್ರ ವಿಭಾಗದ ಹಿರಿಯ ಗುಮಾಸ್ತರೊಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಿದೆವು. ಆರನೆಯ ನಿಮಿಷಕ್ಕೆ ಅವರು ಗೊರಕೆ ಹೊಡೆದರು. ನಮಗೆ ಸಿಕ್ಕ ಜಾಹೀರಾತು ಅದೊಂದೇ. ಮುಂದಿನ ಎರಡು ವರ್ಷ ಮಡಚಿದ ಕುರ್ಚಿಯನ್ನು ಹೆಗಲಿಗೇರಿಸಿಕೊಂಡು ಬಸ್ಸಿನಲ್ಲಿ ಧಾರವಾಡಕ್ಕೆ ಓಡಾಡಿದೆವು. ಕುರ್ಚಿಗೆ ಲಗೇಜ್ ಟಿಕೆಟ್ ತೆಗೆಸುವುದು ಕಡ್ಡಾಯವೋ ಅಲ್ಲವೋ ಎಂಬ ಚರ್ಚೆ ಕೆಲವು ಸಲ ನವನಗರ ದಾಟುವವರೆಗೂ ನಡೆಯುತ್ತಿತ್ತು.

ರೊಕ್ಕದ ವಿಷಯ ಕೇಳುವವರಿಗೆ ಹೇಳಬೇಕಾದದ್ದು ಇಷ್ಟು: ಕಚೇರಿಗಳ ಕೆಲಸದಲ್ಲಿ ರೊಕ್ಕ ಇದೆ, ಆದರೆ ಅದು ತಡವಾಗಿ ಬರುತ್ತದೆ. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿ ಸೇರಿಸಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ಆ ಬಡ್ಡಿಯನ್ನು ಕೇಳಿದ ಮರುದಿನ ಗುತ್ತಿಗೆಯೂ ಇರುವುದಿಲ್ಲವೆಂದು ಕಾಯ್ದೆ ಹೇಳುವುದಿಲ್ಲ. ತೊಂಬತ್ತು ದಿನ ಕಾಯುತ್ತ, ಪ್ರತಿ ತಿಂಗಳ ಒಂದನೆಯ ತಾರೀಖಿಗೆ ಸಂಬಳ ಹಂಚುವುದನ್ನು ಕಲಿತದ್ದೇ ನಮ್ಮ ಬೆಳವಣಿಗೆಯ ಅರ್ಧ ಕಥೆ. 2020ರ ಮಾರ್ಚ್ ಕೊನೆಗೆ ಕಚೇರಿಗಳೆಲ್ಲ ಮುಚ್ಚಿದಾಗ ಆ ಅಭ್ಯಾಸವೇ ನಮ್ಮನ್ನು ಉಳಿಸಿತು, ಅರ್ಧ ಸಂಬಳದಲ್ಲಾದರೂ.

ಉಳಿದರ್ಧ ಕಥೆಯನ್ನು ಯಾರೂ ಕೇಳಿಲ್ಲ. ಒಂದು ಜೋಡಿ ಕೈ ದಿನಕ್ಕೆ ಎಷ್ಟು ಮೈಗಳನ್ನು ತಾಳಿಕೊಳ್ಳುತ್ತದೆ ಎಂದು ಕೇಳಿದ್ದರೆ ನಾನು ಊಟ ಬಿಟ್ಟು ಉತ್ತರಿಸುತ್ತಿದ್ದೆ. ಹದಿನೈದು ನಿಮಿಷದ ಮಾಲೀಶು, ಮೆತ್ತೆ ಒರೆಸಿ ಹಾಳೆ ಬದಲಿಸಿ ಹೆಸರು ಬರೆದುಕೊಳ್ಳಲು ಐದು ನಿಮಿಷ, ಗಂಟೆಗೆ ಮೂವರು. ದಿನಕ್ಕೆ ಐದು ಗಂಟೆ ಕೈ ಕೆಲಸವೆಂದರೆ ಹದಿನೈದು ಮಂದಿ. ಹದಿನಾರನೆಯವರು ಬೇಕೆಂದರೆ ಇನ್ನೊಬ್ಬರನ್ನು ಹುಡುಕಿ, ಮೂರು ತಿಂಗಳು ಕಲಿಸಬೇಕು. ಒಮ್ಮೆ ಮಾಡಿದ್ದನ್ನೇ ಸಾವಿರ ಸಲ ಮಾರುವ ವ್ಯವಹಾರ ಇದಲ್ಲ.

ಈ ಲೆಕ್ಕ ನನಗೆ 2011ರಲ್ಲಿ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ನೋಡಲಿಲ್ಲ. ಒಂದು ದೊಡ್ಡ ಕಾರ್ಖಾನೆಯವರು ತಲೆಗೆ ಹತ್ತು ನಿಮಿಷದಂತೆ, ಒಬ್ಬೊಬ್ಬರು ದಿನಕ್ಕೆ 26 ಜನರನ್ನು ಮುಗಿಸಬೇಕೆಂದು ಹೇಳಿದರು. ನಾನು ಒಪ್ಪಿದೆ. ಅವಸರದಲ್ಲಿ ಎಲ್ಲರೂ ಹೆಬ್ಬೆರಳಿನಿಂದಲೇ ಒತ್ತತೊಡಗಿದರು, ಏಕೆಂದರೆ ಗಂಟು ಬೇಗ ಸಿಗುವುದು ಹೆಬ್ಬೆರಳಿಗೇ. ಮೊಣಕೈಯಿಂದ, ಮುಂಗೈಯಿಂದ, ಮೈಯ ಭಾರ ಹಾಕಿ ಒತ್ತಬೇಕೆಂದು ಕಲಿಸಿದವಳೂ ನಾನೇ, ಅದಕ್ಕೆ ವೇಳೆ ಕೊಡದವಳೂ ನಾನೇ. ಎರಡನೆಯ ತಿಂಗಳಿಗೆ ಬೆಟಗೇರಿಯ ಹುಡುಗಿಯೊಬ್ಬಳಿಗೆ ಹೆಬ್ಬೆರಳಿನ ಬುಡದ ಕೀಲು ಬಾತುಕೊಂಡು ಚಹಾದ ಕಪ್ಪು ಹಿಡಿಯಲಾಗದಂತಾಯಿತು. ಆಸ್ಪತ್ರೆಯ ಬಿಲ್ಲನ್ನು ನಾನೇ ಕೊಟ್ಟೆ. ಇದನ್ನು ಹೇಳುತ್ತಿರುವುದು ಸಮರ್ಥನೆಗೆಂದು ನನಗೂ ತಿಳಿಯುತ್ತದೆ. ಅವಳು ಈ ಕೆಲಸಕ್ಕೆ ಮರಳಲಿಲ್ಲ. ಆ ಗುತ್ತಿಗೆಯನ್ನು ಬಿಟ್ಟೆ, ಆದರೆ ವರ್ಷ ಮುಗಿದ ಮೇಲೆ.

ಈಗ ಅವಳು ಬೆಟಗೇರಿಯಲ್ಲಿ ಖಾನಾವಳಿ ನಡೆಸುತ್ತಾಳೆ. ರೊಟ್ಟಿ ಬಡಿಯಲು ಅಂಗೈ ಸಾಕು, ಹೆಬ್ಬೆರಳು ಬೇಡವೆಂದು ಅವಳೇ ಒಮ್ಮೆ ಹೇಳಿದ್ದಳು. ಆ ನಿಶ್ಚಯದ ಮರುದಿನ ಅಲ್ಲಿ ಊಟಕ್ಕೆ ಹೋದಾಗ, ನನ್ನ ವ್ಯವಹಾರ ಎಷ್ಟು ದೊಡ್ಡದಾಗಿದೆಯೆಂದು ಅವಳು ಕೇಳಲಿಲ್ಲ. ಒಲೆಯ ಮುಂದಿನಿಂದಲೇ, “ಅಕ್ಕಾರ, ಈಗ ದಿನಕ್ಕ ಎಷ್ಟು ಮಂದಿ ಮಾಡಸ್ತೀರಿ?” ಎಂದಳು.

“ಹದಿನೈದು.”

ಅವಳು ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿ, “ಹದಿಮೂರು ಮಾಡ್ರಿ” ಎಂದಳು.