ಅಳಿಯನ ಗೋಲ್ ಲೆಕ್ಕ

ನಮ್ಮ ಅಕ್ಕನ ಮಗಗ ಈಗ 16 ವರ್ಷ. ಓಣಿ ಹುಡುಗ್ರೆಲ್ಲಾ ಬ್ಯಾಟ್ ಹಿಡ್ಕೊಂಡು ಹೊಂಟ್ರ ಇವ ಒಬ್ಬ ಹಾಕಿ ಸ್ಟಿಕ್ ಹಿಡ್ಕೊಂಡು ಹೋಗ್ತಾನ, ಫಾರ್ವರ್ಡ್ ಆಡ್ತಾನ. ಹೋದ ವರ್ಷ 12 ಮ್ಯಾಚಿಗೆ 11 ಗೋಲ್ ಹೊಡದಿದ್ದ, ಈ ವರ್ಷ ಅಷ್ಟೇ ಮ್ಯಾಚಿಗೆ ಬರೇ 5. ಭಾವ ಅಂತೂ "ಹೊಸ ಕೋಚ್ ಹುಡುಗನ ಆಟ ಕೆಡಿಸ್ಯಾನ" ಅಂತ ಮನ್ಯಾಗ ದಿನಾ ಒದರ್ಲಾಕತ್ಯಾರ.

ನನಗ ಹಂಗ ಅನಸಂಗಿಲ್ರಿ. ನಾನೂ ಕಾಲೇಜಿನ್ಯಾಗ ನಾಕ್ ದಿನ ಸ್ಟಿಕ್ ತಿರುವಿದಾವ, ಮತ್ತ ಇವನ ಮ್ಯಾಚ್ ಎಲ್ಲಾ ಕುಂತು ನೋಡೀನಿ. ಹೋದ ವರ್ಷದ ಆ 11 ಗೋಲ್ ಹೆಂಗ ಬಂದ್ವು ಅಂದ್ರ ಮಣ್ಣಿನ ಗ್ರೌಂಡಿನ್ಯಾಗ ಬಾಲ್ ಮುಂದ ತಳ್ಳೋದು, ಓಡೋದು, ಡಿಫೆಂಡರ್ ಹಿಂದ ಬಿದ್ದ ಕೂಡ್ಲೆ ಜೋರ್ ಹೊಡಿಯೋದು, ಅಷ್ಟ. ಓಟದಾಗ ಇವನ ಸಮ ಇದ್ದ ಡಿಫೆಂಡರ್ ಸಿಕ್ಕ ಮ್ಯಾಚಿನ್ಯಾಗ ಒಂದೂ ಇಲ್ಲ, ಅದು ಭಾವಗ ನೆನಪಿಲ್ಲ!

ಹಾಕಿಯೊಳಗ ಫೀಲ್ಡ್ ಗೋಲ್, ಅಂದ್ರ ಆಟ ನಡದಾಗಲೇ ಹೊಡಿಯೋ ಗೋಲ್, ಆಗ್ಬೇಕಂದ್ರ ಗೋಲ್ ಮುಂದ ಗೆರಿ ಎಳದಿರೋ ಡಿ ಒಳಗ ನಿಮ್ಮ ಸ್ಟಿಕ್ ಬಾಲಿಗೆ ಹತ್ತಲೇಬೇಕು, ಹೊರಗಿಂದ ಎಷ್ಟ್ ಜೋರ್ ಹೊಡದ್ರೂ ಲೆಕ್ಕಕ್ಕಿಲ್ಲ. ಆ ಡಿ ಅಂದ್ರ ಪೋಸ್ಟಿಂದ 14.63 ಮೀಟರ್, ಗೋಲ್ ಅಗಲ 3.66 ಮೀಟರ್, ಅದರಾಗ ಗೋಲಿ ಪ್ಯಾಡ್ ಕಟ್ಕೊಂಡು ನಿಂತಿರ್ತಾನ. ಅಲ್ಲಿ ಬಾಲ್ ತಡದು, ಆಮ್ಯಾಲ ತಿರುಗಿ, ಆಮ್ಯಾಲ ಸ್ಟಿಕ್ ಎತ್ತಿ ಹೊಡಿತೀನಿ ಅಂದ್ರ ಅಷ್ಟೊತ್ತಿಗೆ ಎದುರಿನವ ಸ್ಟಿಕ್ ಅಡ್ಡ ಹಾಕಿ ಮುಗಿಸಿರ್ತಾನ. ಅದಕ್ಕ ಕೋಚ್ ಆರು ತಿಂಗಳು ಒಂದೇ ಕೆಲಸ ಹಚ್ಯಾರ: ಬಾಲ್ ಬರೋಕ್ ಮೊದಲ ತಲಿ ಎತ್ತಿ ಗೋಲ್ ಎಲ್ಲದ ನೋಡು, ಮೈ ಅರ್ಧ ತಿರುಗಿಸ್ಕೊಂಡ ಬಾಲ್ ತಗೊ, ಮೊದಲನೇ ಟಚ್ಚಿಗೇ ಬಾಲ್ ಹೊಡಿಯೋ ಜಾಗಕ್ಕ ಬರ್ಬೇಕು. ಜೋಡಿಗೆ ರಿವರ್ಸ್ ಹಿಟ್, ಅಂದ್ರ ಸ್ಟಿಕ್ ತಿರುವಿ ಎಡಗಡೆ ಬಾಲ್ ಹೊಡಿಯೋದು. ಸ್ಟಿಕ್ಕಿನ ಉಬ್ಬಿದ ಬದಿ ಬಾಲಿಗೆ ಹತ್ತೋಹಂಗಿಲ್ಲಲ್ಲ, ಹಂಗಾಗಿ ಎಡಗಡೆ ಸಿಕ್ಕ ಬಾಲ್ ಬಿಟ್ಟೇ ಬಿಡ್ತಿದ್ದ.

ಹೊಸಾದು ಕಲಿಯೋ ಮುಂದ ಹಳೇದೂ ಕೈ ಬಿಡ್ತದ. ನಡುವ ಎರಡು ತಿಂಗಳು ಸಾದಾ ಬಾಲೂ ತಡಿಲಾಕ ಬರಲಾರದಂಗ ಆಗಿತ್ತು ಪಾಪ, ಏಪ್ರಿಲ್ ಬಿಸಿಲಿಗೆ ಅಂಜಿ ನಸುಕಿನ್ಯಾಗ ಆರಕ್ಕ ಹೋಗಿ ಗ್ವಾಡಿಗೆ ಬಾಲ್ ಹೊಡದು ಹೊಡದು ಬರ್ತಿದ್ದ.

ನಾ ಒಂದು ನೋಟ್‌ಬುಕ್ ಇಟ್ಟೀನಿ, ಅಕ್ಕ ನಗ್ತಾಳ. ಡಿ ಒಳಗ ಎಷ್ಟು ಸಲ ಬಾಲ್ ತಗೊಂಡ, ಅದರಾಗ ಎಷ್ಟು ಶಾಟ್ ಆದ್ವು, ಎಷ್ಟು ಪೆನಾಲ್ಟಿ ಕಾರ್ನರ್ (ಡಿ ಒಳಗ ಎದುರಿನವ ತಪ್ಪು ಮಾಡಿದ್ರ ನಮಗ ಸಿಗೋ ಹೊಡತ) ಗಳಿಸಿದ. ಮೊದಲೆಲ್ಲಾ 10 ಸಲ ಬಾಲ್ ಸಿಕ್ರ ಶಾಟ್ ಎರಡೋ ಮೂರೋ, ಈಗ ಐದಾರು. ಕಾರ್ನರಂತೂ ಮ್ಯಾಚಿಗೆ ಒಂದೆರಡು ಇವನಿಂದನ ಬರ್ತಾವ, ಡಿಫೆಂಡರ್ ಕಾಲಿಗೆ ಬಾಲ್ ತಾಕಸೋದು ಕಲ್ತಾನ, ತಾಕಿದ್ರ ಅದು ಡಿಫೆಂಡರ್ ತಪ್ಪು. ಆದ್ರ ಕಾರ್ನರಿಂದ ಬರೋ ಗೋಲ್ ಹೆಸರು ಡ್ರ್ಯಾಗ್ ಫ್ಲಿಕ್ (ಬಾಲ್ ಸ್ಟಿಕ್ಕಿಲೆ ಎಳದು ಗೋಲಿಗೆ ಒಗಿಯೋದು) ಹೊಡಿಯೋನಿಗೆ ಹೋಗ್ತದ.

2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡ್ರಲ್ಲ, ನಮ್ಮ ಭಾರತ ಟೀಮಿನ ಹರ್ಮನ್‌ಪ್ರೀತ್ ಸಿಂಗ್ 10 ಗೋಲ್ ಹೊಡದ್ರು, ಅವರು ಆಡೋದು ಡಿಫೆಂಡರ್. ಸ್ಪೇನ್ ವಿರುದ್ಧ 2-1ರಿಂದ ಕಂಚು ಗೆದ್ದ ಮ್ಯಾಚಿನ್ಯಾಗ ಎರಡೂ ಗೋಲ್ ಅವರವೇ, ಎರಡೂ ಕಾರ್ನರಿಂದ. ಆ ಕಾರ್ನರ್ ಗಳಿಸಿದವರು ಯಾರು ಅಂತ ಭಾವಗ ಕೇಳಿದೆ, ಟಿವಿ ವಾಲ್ಯೂಮ್ ಹೆಚ್ಚು ಮಾಡಿದ್ರು.

ಹಂಗಂತ ಗೋಲ್ ಬ್ಯಾಡೇ ಬ್ಯಾಡ ಅಂತಲ್ಲ ಮತ್ತ. ಐದಾರು ಶಾಟ್ ಹೊಡದು ಎಲ್ಲಾ ಗೋಲಿ ಪ್ಯಾಡಿಗೇ ಕೊಡ್ತಾನ, ಅದು ಖರೇ ಕೊರತಿ ಅದ. ಈ ಭಾನುವಾರದಿಂದ ಗೋಲಿ ಕಾಲ್ ಹಂತ್ಯಾಕ, ಎರಡೂ ಮೂಲಿಗೆ ಒಂದೊಂದು ಇಟ್ಟಂಗಿ ಇಟ್ಟು ಹೊಡಿಲಾಕ ಹಚ್ಚೀನಿ. ಮೊದಲ ದಿನ 20ರಾಗ ನಾಕು ಇಟ್ಟಂಗಿಗೆ ಹತ್ಯಾವ.